ಹೆಬಸೂರ, ಹೊಸಮನಿ

"ನಾ ಯಾಕ ಗೋಣು ಹಾಕಿದೆ?"

ಪ್ರಶ್ನೆ ಹೊರಬಿದ್ದ ಮೇಲೆಯೇ ಅದು ತನ್ನ ದನಿ ಎಂದು ಅರ್ಜುನಪ್ಪನಿಗೆ ಗೊತ್ತಾದದ್ದು. ಎದುರಿಗೆ ಯಾರೂ ಇರಲಿಲ್ಲ. ಕಿಟಕಿಯ ಸರಳಿಗೆ ಸುತಳಿಯಿಂದ ಕಟ್ಟಿದ ಕನ್ನಡಿ, ಕನ್ನಡಿಯೊಳಗೆ ಒಂದು ಗಲ್ಲಕ್ಕೆ ಮಾತ್ರ ನೊರೆ ಹಚ್ಚಿಕೊಂಡ ಮುಖ, ಮುಖದ ಹಿಂದೆ ವಿದ್ಯಾನಗರದ ಕ್ವಾರ್ಟರ್ಸಿನ ಸುಣ್ಣದ ಗೋಡೆ. ರೇಜರು ಹಿಡಿದ ಕೈ ಹಾಗೇ ನಿಂತಿತ್ತು. ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದ ಮುಖ್ಯಸ್ಥ, ಪ್ರೊಫೆಸರ್ ಡಾಕ್ಟರ್ ಎ. ಎಚ್. ಮ್ಯಾಗೇರಿ, ಬೆಳಗ್ಗೆ ಎದ್ದು ಕನ್ನಡಿಯ ಮುಂದೆ ತನಗೆ ತಾನೇ ವೈವಾ ತೆಗೆದುಕೊಳ್ಳುತ್ತಾನೆ ಎಂದು ಹುಡುಗರಿಗೆ ತಿಳಿದರೆ ನಕ್ಕಾರು. ಗೋಣು ಹಾಕುವುದು ದೊಡ್ಡ ಕೆಲಸವೇನಲ್ಲ. ಕುತ್ತಿಗೆಯ ಎರಡು ಬದಿಯ ಸ್ನಾಯು ಕೂಡಿ ಒಂದಿಷ್ಟು ಎಳೆದುಕೊಂಡರೆ ತಲೆ ಬಾಗುತ್ತದೆ. ಆ ಸ್ನಾಯುಗಳಿಗೆ ನರ ಎಲ್ಲಿಂದ ಇಳಿದು ಬರುತ್ತದೆ ಎಂಬುದನ್ನು ಅವನು ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ನಿನ್ನೆ ಸಂಜೆ ಆ ನರಕ್ಕೆ ಅಪ್ಪಣೆ ಕೊಟ್ಟವರು ಯಾರು ಎಂಬುದೊಂದು ಮಾತ್ರ ತಿಳಿಯುತ್ತಿರಲಿಲ್ಲ.

"ಕನ್ನಡ್ಯಾಗಿನಾಂವ ಏನಂದ?" ಒಳಗಿನಿಂದ ದೇವಕ್ಕ ಕೇಳಿದಳು. ಅವನ ಹೆಂಡತಿ. ಓಣಿಯ ಆಚೆಯ ಕನ್ನಡ ಸಾಲಿಯಲ್ಲಿ ಕಲಿಸುತ್ತಿದ್ದಳು, ಹೀಗಾಗಿ ಯಾರು ಏನೇ ಗುನುಗಿದರೂ ಅವಳಿಗೆ ಕೇಳಿಸುತ್ತಿತ್ತು.

"ಏನೂ ಅನ್ನಲಿಲ್ಲ."

"ಅಂವಗ ಗೊತ್ತಿದ್ರ ಹೇಳ್ತಿದ್ದ. ಬಿಡ್ರಿ ಅದನ್ನ. ಹೆಬಸೂರ ಡಾಕ್ಟರ ಮನ್ಯಾಗ ಚಾ ಹೆಂಗಿತ್ತು, ಅದನ್ನರ ಹೇಳ್ರಿ."

"ಅವರು ಕುಡದ್ರಲ್ಲ, ಬೆಳ್ಳಿ ಬಟ್ಟಲಾ, ಅಂಥಾದ್ರಾಗ ನನಗೂ ಕೊಟ್ರು."

ದೇವಕ್ಕ, "ನಾ ಚಾ ಹೆಂಗಿತ್ತು ಅಂತ ಕೇಳಿದೆ. ನೀವು ಬಟ್ಟಲಾ ಹೇಳಾಕತ್ತೀರಿ," ಅಂದಳು.

ಅವಳು ಅಷ್ಟು ಹೇಳಿ ರೊಟ್ಟಿ ಬಡಿಯುವುದಕ್ಕೆ ತಿರುಗಿಕೊಂಡಳು. ಅವನು ಇನ್ನೊಂದು ಗಲ್ಲಕ್ಕೆ ನೊರೆ ಹಚ್ಚಿಕೊಂಡ. ಚಹಕ್ಕೆ ಸಕ್ಕರೆ ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ನೆನಪಿರಲಿಲ್ಲ. ಬೆಳ್ಳಿಯ ಬಟ್ಟಲಿನ ಬಿಸಿ ಮಾತ್ರ ಬೆರಳತುದಿಯಲ್ಲಿ ಇನ್ನೂ ಇದ್ದ ಹಾಗಿತ್ತು. ಧಾರವಾಡದ ಸಪ್ತಾಪುರದಲ್ಲಿ ಡಾಕ್ಟರ್ ಯಜ್ಞೇಶ್ವರ ಹೆಬಸೂರರ ಮನೆಗೆ ಅವನು ಹೊಸಬನಲ್ಲ. ಹೋದಾಗಲೆಲ್ಲ ಹೊರಗಿನ ತಪಾಸಣೆ ಕೋಣೆಯ ಬೆತ್ತದ ಬೆಂಚಿನ ಮೇಲೆ ಕೂತು, ರೋಗಿಗಳ ನಡುವೆ ತಾನೂ ಒಬ್ಬ ರೋಗಿಯ ಹಾಗೆ ಕರೆ ಬರುವ ತನಕ ಕಾದು, ಕಾಗದಪತ್ರ ಕೊಟ್ಟು ಬಂದವನು. ನಿನ್ನೆ ಅವರೇ ಬಾಗಿಲಿಗೆ ಬಂದು, "ಬರ್ರಿ ಬರ್ರಿ ಡಾಕ್ಟರ, ಒಳಗ ಬರ್ರಿ," ಎಂದು ಪಡಸಾಲೆಗೆ ಕರೆದೊಯ್ದು ತಮ್ಮ ಮಗ್ಗುಲಿನ ಖುರ್ಚಿಯಲ್ಲಿ ಕೂರಿಸಿದರು. ಸೊಸೆ ಬಂದು ಎರಡು ಬೆಳ್ಳಿ ಬಟ್ಟಲು ಇಟ್ಟುಹೋದಳು. ಎರಡೂ ಒಂದೇ ನಮೂನೆ, ಅಂಚಿಗೆ ಒಂದೇ ಬಳ್ಳಿ. ಯಾವುದು ಅವರದು ಯಾವುದು ತನ್ನದು ಎಂದು ಗುರುತು ಇರಲಿಲ್ಲ. ಗುರುತಿಲ್ಲ ಎಂಬುದನ್ನು ತಾನು ಮೊದಲು ನೋಡಿದ, ಚಹ ಆಮೇಲೆ ನೋಡಿದ. ಎತ್ತಿದರೆ ಬೆರಳು ಸುಟ್ಟಿತು. ಕೆಳಗಿಡಲು ಮನಸ್ಸು ಬರಲಿಲ್ಲ, ಇಟ್ಟರೆ ಅದು ಅವರ ಬಟ್ಟಲಿನ ಪಕ್ಕದಿಂದ ಎದ್ದು ಬೇರೆ ಎಲ್ಲೋ ಹೋಗಿಬಿಡುತ್ತದೆ ಎಂಬ ಹಾಗೆ. ಐವತ್ತರ ಹತ್ತಿರ ಬಂದ ಮನುಷ್ಯ, ಬಿಸಿಗೆ ಕೈ ತಾನಾಗಿ ಹಿಂದೆ ಸರಿಯುತ್ತದೆ ಎಂದು ವರ್ಷವರ್ಷವೂ ಹುಡುಗರಿಗೆ ಪಾಠ ಮಾಡಿದ ಮನುಷ್ಯ, ಸುಡುವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

"ನಿಮ್ಮ ಪ್ರಸ್ತಾವ ಓದೇನ್ರಿ," ಹೆಬಸೂರರು ಹೇಳುತ್ತಿದ್ದರು. ಪಾಠಕ್ರಮ ಗೊತ್ತು ಮಾಡುವ ಅಭ್ಯಾಸ ಮಂಡಳಿಗೆ ಅವರೇ ಅಧ್ಯಕ್ಷರು. "ಛಲೋ ಅದ. ಪುಸ್ತಕಾ ಬಾಯಿಪಾಠ ಮಾಡಿ ಪಾಸಾಗೂದು ನಿಲ್ಲಬೇಕು ಅಂತೀರಿ. ಪ್ರತಿಯೊಂದು ಪ್ರಯೋಗ ಹುಡುಗ ತನ್ನ ಕೈಲೆ ಮಾಡಿರಬೇಕು, ಇಲ್ಲಂದ್ರ ಪರೀಕ್ಷಾಕ್ಕ ಕೂಡಬಾರದು ಅಂತೀರಿ. ಖರೇ ಅದ. ನಾವೂ ಬಾಯಿಪಾಠದವರ ಅಲ್ಲೇನು. ಮೊದಲನೇ ಪೇಶಂಟ್ ಬಂದಾಗ ಅಂವ ನನಗ ಹೆದರಿದ್ನೋ, ನಾ ಅಂವಗ ಹೆದರಿದ್ನೋ, ಇವತ್ತಿಗೂ ಗೊತ್ತಾಗಿಲ್ಲ."

ಇಬ್ಬರೂ ನಕ್ಕರು. ಪ್ರಸ್ತಾವ ಈಗಾಗಲೇ ಹಲವು ಸಲ ಮುಂದಿನ ಸಭೆಗೆ ಎಂದು ಮುಂದೆ ಹೋಗಿತ್ತು. ಈ ಶನಿವಾರದ ಸಭೆಯೂ ಹಾಗೇ ದಾಟಿಹೋದರೆ ಪ್ರಸ್ತಾವ ಇಲ್ಲದೆಯೇ ಹೊಸ ಪಾಠಕ್ರಮ ಅಚ್ಚಿಗೆ ಹೋಗುತ್ತದೆ. ಆಮೇಲೆ ಅದನ್ನು ತೆರೆಯುವವರು ಯಾವ ಕಾಲಕ್ಕೆ ಹುಟ್ಟುತ್ತಾರೋ. ಅದು ಹೆಬಸೂರರಿಗೂ ಗೊತ್ತು. ಅವರು ಬಟ್ಟಲು ಕೆಳಗಿಟ್ಟು, ಪಂಚೆಯ ಅಂಚಿನಿಂದ ತುಟಿ ಒರೆಸಿಕೊಂಡು, ಅದೇ ದನಿಯಲ್ಲಿ ಮುಂದುವರಿದರು.

"ಇನ್ನೊಂದು ಸಣ್ಣ ಮಾತು. ನಮ್ಮ ಪ್ರಹ್ಲಾದ ನಿಮ್ಮ ಕ್ಲಾಸಿನ್ಯಾಗ ಇದ್ದಾನಲ್ಲ. ಮನ್ಯಾಗ ನಮ್ಮ ತಾಯಿ ಇದ್ದಾರ, ಭಾಳ ವಯಸ್ಸಾಗೇದ. ಈ ಹುಚ್ಚ ಅವರ ಮುಂದ ಎಲ್ಲಾ ಹೇಳಿಬಿಟ್ಟಾನ, ಒಂದೇ ನಳಿಗಿಗೆ ಇಬ್ಬರೂ ಬಾಯಿ ಹಚ್ಚಿ ರಕ್ತ ಎಳೀತೀವಿ, ನನ್ನ ಜೋಡಿ ಇಂಥಾಂವ ಅಂತ. ಅವತ್ತಿಂದ ಅವರು ಅಂವ ಮುಟ್ಟಿದ ನೀರು ಕುಡೀಲಿಕ್ಕತ್ತಿಲ್ಲ. ಮೊಮ್ಮಗ ಅಂದ್ರ ಜೀವ ಅವರಿಗೆ. ನನಗ ಇದ್ರಾಗ ಏನೂ ಇಲ್ಲ, ನಿಮಗ ಗೊತ್ತದ. ಅಂವನ ಜೋಡಿ ಆ ಹೊಸಮನಿ ಹುಡುಗನ್ನ ನೀವ ನಿಮ್ಮ ಟೇಬಲ್ ಕಡೆ ಕರಕೊಂಡಬಿಡ್ರಿ. ಶಾಣ್ಯಾ ಇದ್ದಾನಂತ. ನಿಮ್ಮ ಕೈಕೆಳಗ ಇದ್ರ ಅಂವಗೂ ಛಲೋ."

'ಅಂವಗೂ ಛಲೋ' ಎಂಬ ಮಾತು ಬರುವ ಮೊದಲೇ ಅವನ ತಲೆ ಬಾಗಿಯಾಗಿತ್ತು. ಕೊಡು ಕೊಳ್ಳುವ ಮಾತನ್ನು ಅವರು ಆಡಲಿಲ್ಲ. ಶನಿವಾರವನ್ನೂ ಹುಡುಗನನ್ನೂ ಒಂದೇ ವಾಕ್ಯದಲ್ಲಿ ಸೇರಿಸಲಿಲ್ಲ. ಬಾಗಿಲ ತನಕ ಬಂದು ಬೀಳ್ಕೊಟ್ಟರು. "ಈ ವಾರದ ಒಳಗ ಮಾಡ್ಲಿಕ್ಕೆ ನೋಡ್ತೇನ್ರಿ," ಎಂದು ತಾನು ಹೇಳಿದ್ದು ಹುಬ್ಬಳ್ಳಿಯ ಬಸ್ಸಿನಲ್ಲಿ ಕೂತ ಮೇಲೆ ಕಿವಿಗೆ ಮರಳಿ ಬಂತು. ಮಾಡ್ಲಿಕ್ಕೆ. ಮನೆಯಲ್ಲಿ ತಾನು ಮಾಡಾಕ ಅನ್ನುವವನೇ ಹೊರತು ಎಂದೂ ಹಾಗೆ ಅನ್ನುವವನಲ್ಲ. ಆ ಮನೆಯ ಮಾತು ಆ ಮನೆಯ ಚಹದ ಜೊತೆ ಒಳಗೆ ಇಳಿದುಹೋಗಿತ್ತು.

ಕಾಲೇಜಿಗೆ ನಡೆದೇ ಹೋಗುವ ದಾರಿ. ಮುಂಗಾರು ಇನ್ನೂ ಹಿಡಿದಿರಲಿಲ್ಲ, ಕೆಂಪು ಧೂಳು ಚಪ್ಪಲಿಯೊಳಗೆ ಹೋಗುತ್ತಿತ್ತು. ಹುಬ್ಬಳ್ಳಿ ಧಾರವಾಡ ಎರಡು ಊರನ್ನೂ ಕೂಡಿಸಿ ಒಂದೇ ಕಾರ್ಪೋರೇಷನ್ ಮಾಡಿದ ಹೊಸದರ ಕಾಲ ಅದು. ರಸ್ತೆಯ ಬದಿಗೆ ಹೊಸ ಹೆಸರಿನ ಹಲಗೆಗಳು ಬಂದಿದ್ದವು, ರಸ್ತೆ ಬಂದಿರಲಿಲ್ಲ. ಅವನು ನೆಲ ನೋಡುತ್ತ ನಡೆದ. ಹುಡುಗ ಒಂದು ಟೇಬಲಿನಿಂದ ಇನ್ನೊಂದು ಟೇಬಲಿಗೆ ಸರಿಯುವುದು. ಮೂವತ್ತು ಅಡಿಯ ಕೋಣೆ. ಅದರಲ್ಲಿ ಏನಿದೆ ಎಂದು ಒಂದು ಮನಸ್ಸು ಹೇಳಿದರೆ, ಏನೂ ಇಲ್ಲದಿದ್ದರೆ ನೀನು ಯಾಕೆ ಚಪ್ಪಲಿ ನೋಡುತ್ತ ನಡೆಯುತ್ತೀ ಎಂದು ಇನ್ನೊಂದು ಕೇಳುತ್ತಿತ್ತು. ತಾನು ಓದಿದ ಕಾಲೇಜು ದೂರದ ಊರಿನದು, ಬ್ರಿಟಿಷರ ಕಾಲದ್ದು, ದೊಡ್ಡ ಕಮಾನುಗಳದ್ದು. ಅಲ್ಲಿಯೂ ಜೋಡಿ ಇತ್ತು. ಅವನ ಜೋಡಿ ಒಳ್ಳೆಯ ಹುಡುಗ, ಎಂದೂ ಒರಟು ಮಾತಾಡಿದವನಲ್ಲ. ಪುಸ್ತಕವನ್ನು ಇವನ ಮುಂದೆ ಸರಿಸಿ, ನೀನು ಓದಿ ಹೇಳು, ನಾನು ಮಾಡುತ್ತೇನೆ ಅನ್ನುತ್ತಿದ್ದ. ರಕ್ತ ಎಳೆಯುವ ನಳಿಗೆಯ ಗಾಜಿನ ಬಾಯಿತುದಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದ, ಮುಗಿದ ಮೇಲೆ ಸುತ್ತಿ ಒಯ್ಯುತ್ತಿದ್ದ. ಹೀಗೆ ಎರಡು ವರ್ಷ ಇವನು ಓದಿ ಹೇಳಿದ. ಅವನು ಮಾಡಿದ. ಓದಿ ಹೇಳುವುದರಲ್ಲಿ ಇವನನ್ನು ಮೀರಿಸುವವರು ಇರಲಿಲ್ಲ, ಅದು ತಾಯಿಯಿಂದ ಬಂದದ್ದು. ಉಡಚವ್ವ ಅಕ್ಷರ ಕಲಿತವಳಲ್ಲ. ಸೋಮವಾರ ಸೋಮವಾರ ಭಜನೆಯ ಮಂದಿಯ ಜೊತೆ ಕೂತು, ದೇಹವೆಂಬುದು ಬಾಗಿಲುಗಳಿರುವ ಮನೆ, ಅದರೊಳಗೆ ಉಸಿರೆಂಬ ಅತಿಥಿ ಎಂಬ ಪದಗಳನ್ನು ಕೇಳಿ ಕೇಳಿ ತಾನೇ ಹೇಳುವಷ್ಟಾಗಿದ್ದಳು. ಕೇಳಿದ್ದು ಕಿವಿಯಲ್ಲಿ ನಿಲ್ಲಬಾರದು, ಒಳಗೆ ಹೋಗಬೇಕು ಅನ್ನುತ್ತಿದ್ದಳು. ಮಗ ತಲೆಬುರುಡೆಯ ನರಗಳ ಹೆಸರುಗಳನ್ನು ಅದೇ ಧಾಟಿಯಲ್ಲಿ ಕೂಡಿಸಿ ಹೇಳಿಕೊಂಡು ಪರೀಕ್ಷೆ ಗೆದ್ದ. ಪರೀಕ್ಷಕರು ತಲೆದೂಗಿದರು. ಕಪ್ಪೆಯ ಕಾಲಿನ ನರವನ್ನು ಇವನು ಮೊದಲ ಸಲ ಕೈಯಲ್ಲಿ ಹಿಡಿದದ್ದು ತಾನು ಕಲಿಸುವ ಕೆಲಸಕ್ಕೆ ಸೇರಿದ ಮೇಲೆ. ರವಿವಾರ ಕಾಲೇಜಿನ ಬೀಗ ತೆಗೆಸಿ, ಒಬ್ಬನೇ ಒಳಗೆ ಕೂತು, ಕದಿಯಲು ಬಂದವನ ಹಾಗೆ ಬಾಗಿಲ ಕಡೆ ಒಂದು ಕಿವಿ ಇಟ್ಟು, ತನಗೆ ತಾನೇ ಕಲಿಸಿಕೊಂಡ. ಮೊದಲು ಹಿಡಿದ ನರ ಬೆರಳಲ್ಲೇ ಹರಿದು ಹೋಯಿತು.

ಅದಕ್ಕೇ ಹುಬ್ಬಳ್ಳಿಯಲ್ಲಿ ಕಾಲೇಜು ಹುಟ್ಟಿ, ತನ್ನ ಕೈಗೆ ಒಂದು ವಿಭಾಗ ಎಂದು ಬಂದಾಗ ಅವನು ಮೊದಲು ಕೇಳಿದ್ದು ಟೇಬಲುಗಳನ್ನು. ಆಗ ಒಂದು ಉದ್ದ ಹಲಗೆಯ ಮೇಲೆ ಮಾಸ್ತರನು ಪ್ರಯೋಗ ಮಾಡಿ ತೋರಿಸುವುದು, ಮುಂದಿನವರು ನೋಡುವುದು, ಹಿಂದಿನವರು ಮುಂದಿನವರ ಬೆನ್ನು ನೋಡುವುದು, ಎಲ್ಲರೂ ಒಂದೇ ಉತ್ತರ ಬರೆದು ಕೊಡುವುದು ನಡೆದಿತ್ತು. ಅರ್ಜುನಪ್ಪ ಹಾಜರಿಯ ಪ್ರಕಾರ, ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ, ಇಬ್ಬಿಬ್ಬರನ್ನು ಒಂದೊಂದು ಟೇಬಲಿಗೆ ಹಚ್ಚಿದ. ಯಾರ ಜೊತೆ ಯಾರು ಎಂಬುದು ಅಕ್ಷರಕ್ಕೆ ಬಿಟ್ಟದ್ದು. ಇವನ ಬೆರಳಿನ ರಕ್ತವನ್ನು ಅವನು ಎಳೆಯಬೇಕು, ಅವನದನ್ನು ಇವನು. ಸಣ್ಣ ಗಾಜಿನ ನಳಿಗೆ, ಅದಕ್ಕೆ ರಬ್ಬರಿನ ಕೊಳವೆ, ಕೊಳವೆಯ ತುದಿಗೆ ಬಾಯಿ. ಗುರುತಿನ ಗೆರೆಯ ತನಕ ಉಸಿರು ಹಿಡಿದು ಎಳೆಯಬೇಕು, ಒಂದು ಕೂದಲೆಳೆ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಮೊದಲ ತಿಂಗಳಲ್ಲೇ ಬಾಗಿಲ ಬಳಿ ಒಬ್ಬೊಬ್ಬರೇ ಬಂದು ನಿಂತು, ಸರ ನನ್ನ ಜೋಡಿ ಬದಲಿ ಮಾಡ್ರಿ, ಸುಮ್ಮನ ಮಾಡ್ರಿ ಸರ ಎಂದು ತಲೆ ಕೆರೆದುಕೊಂಡರು. ಅವನು ಒಂದು ನೇಮ ಮಾಡಿದ. ಬದಲಿ ಬೇಕಾದವರು ಕ್ಲಾಸಿನಲ್ಲಿ ಎದ್ದು ನಿಂತು, ಎಲ್ಲರ ಎದುರು, ತಮ್ಮ ಬಾಯಿಂದಲೇ ಕಾರಣ ಹೇಳಿ ಕೇಳಬೇಕು. ಅಷ್ಟೇ. ಮರುದಿನದಿಂದ ಬಾಗಿಲ ಬಳಿ ಯಾರೂ ಬರಲಿಲ್ಲ. ಎದ್ದು ನಿಂತವನು ಇಷ್ಟು ವರ್ಷದಲ್ಲಿ ಒಬ್ಬ ಎಡಚ ಹುಡುಗ; ನನ್ನ ಮೊಣಕೈ ಜೋಡಿಯ ಮೊಣಕೈಗೆ ಬಡಿಯುತ್ತದೆ ಅಂದ, ಅವನನ್ನು ಅಂಚಿನ ಟೇಬಲಿಗೆ ಕಳಿಸಿದ್ದಾಯಿತು. ಮ್ಯಾಗೇರಿ ಸಾಹೇಬರು ಯಾರನ್ನೂ ಬೈಯದೆ ಎಲ್ಲರ ಬಾಯಿಗೆ ಬೀಗ ಹಾಕಿದರು ಎಂದು ಉಳಿದ ಪ್ರೊಫೆಸರರು ಅನ್ನುತ್ತಿದ್ದರು. ತನ್ನ ಕೆಲಸದಲ್ಲಿ ಅವನಿಗೆ ಯಾವುದರ ಬಗ್ಗೆಯಾದರೂ ಒಳಗೊಳಗೆ ಹಮ್ಮು ಇದ್ದರೆ ಅದು ಆ ನೇಮದ ಬಗ್ಗೆ. ಈಗ ಪ್ರಹ್ಲಾದ ಹೆಬಸೂರ ಎದ್ದು ನಿಂತು ಹೇಳುವ ಹಾಗಿಲ್ಲ. ತಾನೇ ಜೋಡಿಯ ಹುಡುಗನನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದರೆ ಇಡೀ ಕ್ಲಾಸಿಗೆ ಯಾಕೆಂದು ಗೊತ್ತಾಗುತ್ತದೆ. ಎದ್ದು ನಿಂತು ಏನಾದರೊಂದು ಕಾರಣ ಹೇಳಿ, ಯಾರಿಗೂ ಏನೂ ಆಗದಂತೆ ಕೇಳಬಲ್ಲವನು ಒಬ್ಬನೇ. ದುರಗಪ್ಪ ಹೊಸಮನಿ.

ಪ್ರಯೋಗಶಾಲೆಯ ಬಾಗಿಲಲ್ಲಿ ಅಟೆಂಡರ್ ಗುಲಾಬಸಾಬ ರಬ್ಬರ್ ಕೊಳವೆಗಳನ್ನು ತುಂಡು ಮಾಡುತ್ತ ಕೂತಿದ್ದ. ಮುಂಬೈಯಿಂದ ಬರಬೇಕಾದ ಸಾಮಾನು ಬಾರದೆ ಹೋದಾಗ ಅವನೇ ದುರ್ಗದಬೈಲಿಗೆ ಹೋಗಿ ಸೈಕಲ್ ಅಂಗಡಿಯಿಂದ ವಾಲ್ವಿನ ಕೊಳವೆ ತರುತ್ತಿದ್ದ.

"ಸಾಹೇಬ್ರ, ಸೈಕಲ್ಲಿನಾಂವ ಕೇಳಿದ್ನರಿ, ನಿಮ್ಮ ಕಾಲೇಜಿನ್ಯಾಗ ಎಷ್ಟ ಸೈಕಲ್ಲ ಅದಾವೋ ಮಾರಾಯ ಅಂತ. ನಾ ಹೇಳಿದೆ, ಸೈಕಲ್ಲ ಇಲ್ಲಪಾ, ಹುಡುಗರಿಗೆ ಗಾಳಿ ಹೊಡಿಯಾಕ ಅಂತ."

"ಖರೇನ ಹೇಳಿದಿ," ಅಂದ ಅರ್ಜುನಪ್ಪ.

"ಗಾಜಿಂದ ಮತ್ತೊಂದು ನಳಿಗಿ ಒಡಿತ್ರಿ ನಿನ್ನಿ. ಇನ್ನ ಜೋಡಿಗೊಂದರಂಗ ಸರಿಯಾಗ್ತಾವ, ಹೆಚ್ಚಿಗಿ ಒಂದೂ ಇಲ್ಲ."

ಬಾಯಿಗೆ ಹಿಡಿಯುವ ತುದಿಯನ್ನಾದರೂ ಒಬ್ಬೊಬ್ಬರಿಗೆ ಒಂದೊಂದು ಕೊಡಬಹುದಿತ್ತು. ಗುಲಾಬಸಾಬ ಇನ್ನೊಂದು ಸಲ ದುರ್ಗದಬೈಲಿಗೆ ಹೋಗಿ ಬಂದರೆ ಆಗುವ ಕೆಲಸ. ಆರೋಗ್ಯದ ಲೆಕ್ಕದಲ್ಲೂ ಅದೇ ಸರಿ. ಅರ್ಜುನಪ್ಪ ಬೇಕೆಂದೇ ಕೊಟ್ಟಿರಲಿಲ್ಲ. ಒಮ್ಮೆ ಕೊಟ್ಟರೆ ಮರುವಾರ ಅವು ಕರವಸ್ತ್ರದಲ್ಲಿ ಸುತ್ತಿಕೊಂಡು ಜೇಬು ಸೇರುತ್ತವೆ ಎಂದು ಅವನಿಗೆ ಗೊತ್ತಿತ್ತು. ಬದಲಿಗೆ ಪ್ರತಿ ಟೇಬಲಿನ ಮೇಲೆ ಅರಳೆ ಮತ್ತು ಸ್ಪಿರಿಟ್ಟಿನ ಬಾಟಲಿ ಇಡಿಸಿದ. ಬಾಯಿ ಹಚ್ಚುವ ಮೊದಲು ಒರೆಸಿಕೊಳ್ಳಿ ಎಂದು ಹೇಳಿಕೊಟ್ಟ. ವರ್ಷ ಕಳೆದ ಹಾಗೆ ಒರೆಸುವುದರಲ್ಲಿಯೇ ಎರಡು ಬಗೆ ಇದೆ ಎಂದು ಕಣ್ಣಿಗೆ ಬೀಳತೊಡಗಿತು. ಕೆಲವರು ಒಂದು ಸಲ ಒರೆಸಿ ಕೆಲಸ ಮಾಡುತ್ತಿದ್ದರು. ಕೆಲವು ಟೇಬಲುಗಳಲ್ಲಿ ಮೂರು ಸಲ ಒರೆಸಿ, ಕಣ್ಣು ಮುಚ್ಚಿ, ತುಟಿ ಮಾತ್ರ ಅಲ್ಲಾಡಿಸಿ ಆಮೇಲೆ ಎಳೆಯುತ್ತಿದ್ದರು. ಶುದ್ಧಿಗೆ ಬೇಕಾದ ನೀರನ್ನು ತಾನೇ ಬಾಟಲಿಯಲ್ಲಿ ತುಂಬಿಸಿ ಇಟ್ಟ ಹಾಗಾಯಿತೇನು ಎಂದು ಒಂದೊಂದು ಸಲ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಅವನು ಯಾರ ಮುಂದೂ ಹೇಳಿರಲಿಲ್ಲ, ದೇವಕ್ಕನ ಮುಂದೆಯೂ.

ಇವತ್ತಿನದು ಹಿಮೋಗ್ಲೋಬಿನ್ ಅಳೆಯುವ ಪಾಠ. ಎಳೆದ ರಕ್ತವನ್ನು ಆಮ್ಲದಲ್ಲಿ ಬಿಟ್ಟರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ; ಹನಿ ಹನಿ ನೀರು ಸೇರಿಸಿ ಪಕ್ಕದ ಗಾಜಿನ ಬಣ್ಣಕ್ಕೆ ಹೊಂದಿಸಬೇಕು. ಕೋಣೆಯಲ್ಲಿ ಸೂಜಿಗೆ ಹೆದರಿದವರ ಸಣ್ಣ ನಗು, ಬೆಂಚು ಎಳೆಯುವ ಸಪ್ಪಳ, ಸ್ಪಿರಿಟ್ಟಿನ ವಾಸನೆ. ಕಿಟಕಿಯ ಬದಿಯ ಟೇಬಲಿನ ಹತ್ತಿರ ಹೋಗಬಾರದೆಂದು ಅಂದುಕೊಂಡೇ ಅರ್ಜುನಪ್ಪ ಸುತ್ತು ಹಾಕಿ ಅಲ್ಲಿಗೇ ಬಂದು ನಿಂತ. ಪ್ರಹ್ಲಾದ ತಂದೆಯ ಹಾಗೆಯೇ ಎತ್ತರ, ತೆಳ್ಳಗೆ, ಮಾತು ಜಾಸ್ತಿ. ದುರಗಪ್ಪ ಗಿಡ್ಡ. ದೊಡ್ಡ ಕೈ, ಕೂದಲಿಗೆ ಎಣ್ಣೆ ಹೆಚ್ಚು. ಅವನ ತಾಯಿ ಮುತ್ತವ್ವ ಮಗನನ್ನು ಕಾಲೇಜಿಗೆ ಬಿಡಲು ಬಂದ ದಿನ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂತು, ನಮ್ಮ ಓಣ್ಯಾಗಿಂದ ಒಬ್ರು ಇಷ್ಟ ದೊಡ್ಡವರು ಆಗೀರಿ, ಇಂವ ನಿಮ್ಮ ಹುಡುಗ ಅಂತ ತಿಳೀರಿ ಅಂದಿದ್ದಳು. ರವಿವಾರ ಊಟಕ್ಕೆ ಬಂದಾಗ ಅವನು ಕಾಕಾ ಅನ್ನುತ್ತಿದ್ದ, ಕಾಲೇಜಿನಲ್ಲಿ ಸರ.

"ಲೇ ಹೊಸಮನಿ, ನಿನ್ನ ಬೆರಳಿನ ತೊಗಲ ಏನ್ ಎಮ್ಮೀದೇನೋ. ಸೂಜಿನ ಒಳಗ ಹೋಗವಲ್ದು," ಅನ್ನುತ್ತಿದ್ದ ಪ್ರಹ್ಲಾದ.

"ನಿಂದು ಬೆಣ್ಣಿ ಐತಿ, ತೋರಿಸಿದ್ರನ ರಕ್ತ ಬರ್ತೈತಿ," ಅಂದ ದುರಗಪ್ಪ. "ಹೆದರಬ್ಯಾಡ, ಜೋರ ಚುಚ್ಚು."

ಚುಚ್ಚಿದ. ರಕ್ತದ ಹನಿ ಎದ್ದು ನಿಂತಿತು. ಪ್ರಹ್ಲಾದ ನಳಿಗೆ ಎತ್ತಿ, ಈಗಷ್ಟೇ ದುರಗಪ್ಪ ಬಾಯಿಟ್ಟಿದ್ದ ತುದಿಯನ್ನು ಹಾಗೇ ತುಟಿಗೆ ಹಿಡಿದು ಎಳೆಯತೊಡಗಿದ. ಅವನ ಕಣ್ಣು ಗೆರೆಯ ಮೇಲಿತ್ತು, ಬೇರೆ ಎಲ್ಲೂ ಇರಲಿಲ್ಲ. ಅರಳೆಯ ಕಡೆ ಅವನ ಕೈ ಹೋಗಿರಲೇ ಇಲ್ಲ. ರಕ್ತ ಮೆಲ್ಲಗೆ ಏರುತ್ತಿತ್ತು.

"ಒರಸ್ಕೊ ಮೊದಲ," ಅಂದ ಅರ್ಜುನಪ್ಪ.

ಪ್ರಹ್ಲಾದ ಬೆಚ್ಚಿ ಬಾಯಿ ತೆಗೆದ. ರಕ್ತ ಜಾರಿ ಇಳಿಯಿತು. "ಮರತೆ ಸರ," ಅಂದು ಅರಳೆ ಎತ್ತಿಕೊಂಡ. ದುರಗಪ್ಪ ತನ್ನ ಬೆರಳನ್ನು ಹಾಗೇ ಮುಂದೆ ಹಿಡಿದುಕೊಂಡು ಕೂತಿದ್ದ, ಅದರಿಂದ ಒಂದು ಹನಿ ಟೇಬಲಿನ ಮೇಲೆ ಬಿತ್ತು. ಅವನು ತಲೆ ಎತ್ತಿ ಅರ್ಜುನಪ್ಪನನ್ನು ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ, ಏನನ್ನೂ ಕೇಳುತ್ತಲೂ ಇರಲಿಲ್ಲ. ಅರ್ಜುನಪ್ಪ ಮುಂದಿನ ಟೇಬಲಿಗೆ ಹೋದ. ಅಲ್ಲಿ ಒಬ್ಬ ನೀರು ಹೆಚ್ಚು ಸೇರಿಸಿ ಬಣ್ಣ ಕೆಡಿಸಿಕೊಂಡಿದ್ದ. ಇನ್ನೊಮ್ಮೆ ಮಾಡು ಅಂದ. ನಿಯಮ ನಿಯಮವೇ, ಒರೆಸದೆ ಬಾಯಿ ಹಚ್ಚಬಾರದು, ತಾನು ಹೇಳಿದ್ದರಲ್ಲಿ ತಪ್ಪಿಲ್ಲ. ಎಂಟು ವಾರದ ಕೆಳಗೆ ಇದೇ ಪ್ರಹ್ಲಾದ ಮೂರು ಸಲ ಒರೆಸುತ್ತಿದ್ದುದನ್ನು ತಾನು ಕಂಡಿದ್ದ. ಯಾರೂ ಏನೂ ಹೇಳದೆ ಅದು ಎರಡಾಗಿ, ಒಂದಾಗಿ, ಇವತ್ತು ಮರೆತೇ ಹೋಗಿತ್ತು. ಅಜ್ಜಿಯ ಮುಂದೆ ಅವನು ಹೇಳಿದ್ದು ದೂರಲ್ಲ, ಹೊಸದಾಗಿ ಕಲಿತದ್ದನ್ನು ಮನೆಯಲ್ಲಿ ಹೇಳಿಕೊಂಡದ್ದು. ಇಷ್ಟು ವರ್ಷ ಟೇಬಲು ಹಾಕಿಸಿ, ಅಕ್ಷರ ಹೊಂದಿಸಿ, ಸಭೆಗಳಲ್ಲಿ ಕೂತು ತಾನು ಕಾದದ್ದು ಬಹುಶಃ ಇದೊಂದು ಮರೆವಿಗಾಗಿ. ಅದು ಕಣ್ಣೆದುರಿಗೆ ಬಂದಾಗ ತಾನು ಆಡಿದ ಮಾತು ಒರೆಸಿಕೋ ಎಂಬುದು. ಬೆನ್ನಿನ ಹಿಂದೆ ಪ್ರಹ್ಲಾದ ಒರೆಸುವ ಸಪ್ಪಳ ಕೇಳಿಸುತ್ತಿದೆ ಅನ್ನಿಸಿತು. ಅರಳೆಗೆ ಸಪ್ಪಳ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕ್ಲಾಸು ಬಿಡುವ ಹೊತ್ತಿಗೆ ಪ್ರಿನ್ಸಿಪಾಲರು ಕರೆಕಳಿಸಿದರು. ಅವರು ಮೊಟಕು ಮಾತಿನ ಮನುಷ್ಯ, ನಿವೃತ್ತಿಯ ಹತ್ತಿರ ಇದ್ದವರು.

"ಹೆಬಸೂರ ಡಾಕ್ಟರು ಫೋನ್ ಮಾಡಿದ್ರು. ನಿಮ್ಮ ಬಗ್ಗೆ ಭಾಳ ಛಲೋ ಮಾತ ಹೇಳಿದ್ರು ನೋಡ್ರಿ. ಶನಿವಾರ ಪಾಸಾಗೂ ಹಂಗ ಕಾಣಸ್ತದ."

"ಹೌದ್ರಿ."

"ನೀವು ಏನೋ ಒಂದು ಸಣ್ಣ ವ್ಯವಸ್ಥಾ ಮಾಡೂದದ ಅಂತ, ಆತೇನು ಅಂತ ಕೇಳಿದ್ರು. ಏನದು?"

"ಒಬ್ಬ ಹುಡುಗನ ಟೇಬಲ್ ಬದಲಿ, ಸರ."

"ಅಷ್ಟನ? ಲಗೂ ಮಾಡಿ ಬಿಡ್ರಿ ಮತ್ತ. ಇಷ್ಟು ವರ್ಷ ಇದಕ್ಕಾಗಿ ತಿರಗ್ಯಾಡೀರಿ."

ಅಷ್ಟೇ. ಅಷ್ಟೇ ಎಂಬುದನ್ನು ಹಿಡಿದುಕೊಂಡು ಅವನು ತನ್ನ ಕೋಣೆಗೆ ಬಂದ. ಗೋಡೆಗೆ ಹೃದಯದ ದೊಡ್ಡ ಚಿತ್ರ, ಮೂಲೆಯಲ್ಲಿ ಸ್ನಾಯುವಿನ ಎಳೆತವನ್ನು ಗೆರೆಯಾಗಿ ಮೂಡಿಸುವ, ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮು, ಮೇಜಿನ ಮೇಲೆ ಪ್ರಸ್ತಾವದ ಪ್ರತಿ. ಎಷ್ಟು ಸಲ ತಿದ್ದಿ ಬರೆದದ್ದು ಅದು. ಅದು ಪಾಸಾದರೆ ಈ ಕಾಲೇಜು ಮಾತ್ರವಲ್ಲ, ಈ ಭಾಗದಲ್ಲಿ ಮುಂದೆ ಹುಟ್ಟುವ ಎಲ್ಲ ಕಾಲೇಜುಗಳಲ್ಲೂ ಹಿಂದೆ ನಿಂತು ಬೆನ್ನು ನೋಡುವ ಹುಡುಗ ಇರುವುದಿಲ್ಲ. ಓದಿ ಹೇಳು, ನಾನು ಮಾಡುತ್ತೇನೆ ಎಂದು ಯಾರೂ ಯಾರಿಗೂ ಅನ್ನುವ ಹಾಗಿಲ್ಲ. ಒಂದು ಕಡೆ ಅಷ್ಟು ಹುಡುಗರು. ಇನ್ನೊಂದು ಕಡೆ ಒಬ್ಬ ಹುಡುಗ, ಅವನಿಗೂ ನಷ್ಟವಿಲ್ಲ, ತನ್ನ ಕಣ್ಣಮುಂದೆಯೇ ಕಲಿಯುತ್ತಾನೆ, ಇನ್ನೂ ಚೆನ್ನಾಗಿ ಕಲಿತಾನು. ಲೆಕ್ಕ ಸರಿಯಾಗಿತ್ತು. ಸರಿಯಾದ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿದ. ಅವನು ಗುಲಾಬಸಾಬನನ್ನು ಕರೆದು, ಹೊಸಮನಿಗೆ ಬರಹೇಳು ಅಂದ.

ದುರಗಪ್ಪ ಬಂದು ಮೇಜಿನ ಮುಂದೆ ನಿಂತ. ಚುಚ್ಚಿಸಿಕೊಂಡ ಬೆರಳನ್ನು ಹೆಬ್ಬೆರಳಿನಿಂದ ಒತ್ತಿಕೊಂಡಿದ್ದ.

"ಕೂಡು."

"ಇರ್ಲಿರಿ ಸರ."

"ಕೂಡೋ."

ಖುರ್ಚಿಯ ತುದಿಗೆ ಕೂತ. ಅರ್ಜುನಪ್ಪ ಪ್ರಸ್ತಾವದ ಪ್ರತಿಯನ್ನು ಈ ಬದಿಯಿಂದ ಆ ಬದಿಗೆ ಇಟ್ಟ.

"ನಿಮ್ಮ ಟೇಬಲ್ ಮ್ಯಾಲ ಬೆಳಕು ಹೆಂಗ ಬರ್ತೈತಿ?"

"ಛಲೋ ಬರ್ತೈತ್ರಿ. ಕಿಡಕಿ ಬಾಜೂಕ ಐತಲ್ರಿ."

"ಮಧ್ಯಾಹ್ನ ಬಿಸಲ ಕಣ್ಣಿಗೆ ಹೊಡೀತೈತಿ. ಬಣ್ಣ ಹೊಂದಸೂದು ತ್ರಾಸ ಆಗಬೇಕು."

"ಇಲ್ರಿ. ಪಡದಾ ಐತಿ."

"ತ್ರಾಸ ಆಗ್ತೈತಿ ಅಂತ ಹೇಳಿದ್ರ ಸುಳ್ಳೇನೂ ಆಗೂದಿಲ್ಲ," ಅಂದ ಅರ್ಜುನಪ್ಪ. ಹುಡುಗ ಬೆರಳನ್ನು ಇನ್ನಷ್ಟು ಒತ್ತಿಕೊಂಡ. "ನೋಡು, ನನ್ನ ಟೇಬಲ್ ಕಡೆ ಬಂದ್ರ ನಿನಗ ಛಲೋ. ನಾನ ನಿಂತು ಕಲಸ್ತೇನಿ. ನೀ ನಾಳೆ ಕ್ಲಾಸಿನ್ಯಾಗ ಎದ್ದು ನಿಂತು, ಬೆಳಕಿಂದು ತ್ರಾಸ ಆಗ್ತೈತಿ, ಬದಲಿ ಮಾಡ್ರಿ ಅಂತ ಕೇಳು."

ದುರಗಪ್ಪ ಮೊದಲು ಹೃದಯದ ಚಿತ್ರ ನೋಡಿದ, ಆಮೇಲೆ ಇವನನ್ನು. "ಪ್ರಹ್ಲಾದ ಏನರ ಅಂದಾನೇನ್ರಿ?"

"ಇಲ್ಲ. ಅಂವ ಏನೂ ಅಂದಿಲ್ಲ."

"ಮತ್ತ ಯಾರ ಹೇಳ್ಯಾರ್ರಿ?"

"ನಾ ಹೇಳಾಕತ್ತೇನಿ."

ಹೊರಗೆ ಗುಲಾಬಸಾಬ ಗಾಜಿನ ಸಾಮಾನು ತೊಳೆಯುತ್ತಿದ್ದ, ನೀರಿನ ಸಪ್ಪಳ ಬರುತ್ತಿತ್ತು. ಅರ್ಜುನಪ್ಪ ಎಲ್ಲವನ್ನೂ ಹೇಳಿದ. ಅಜ್ಜಿ ನೀರು ಕುಡಿಯದೆ ಇರುವುದನ್ನು ಹೇಳಿದ, ಶನಿವಾರದ ಸಭೆಯನ್ನು ಹೇಳಿದ. ಬೆಳ್ಳಿ ಬಟ್ಟಲನ್ನು ಹೇಳಲಿಲ್ಲ. ಹೇಳುತ್ತ ಹೇಳುತ್ತ ತನ್ನ ದನಿಗೆ ಪಾಠ ಮಾಡುವ ಧಾಟಿ ಬಂದುಬಿಟ್ಟದ್ದು ಅವನಿಗೇ ಕೇಳಿಸಿತು, ತಡೆಯಲಾಗಲಿಲ್ಲ.

"ಇದ ಆಗಲಿಲ್ಲಂದ್ರ ಮತ್ತ ಹಳೇದ ನಡೀತೈತಿ. ನಮ್ಮ ಓಣ್ಯಾಗಿಂದ ನಿನ್ನ ಹಿಂದ ಬರೂ ಹುಡುಗರು ಮತ್ತ ಹಿಂದ ನಿಂತು ನೋಡಿ ಹೋಗ್ತಾರ. ನೀ ಒಂದ ಮಾತ ಹೇಳಿದ್ರ ಅವರೆಲ್ಲಾರಿಗೂ ದಾರಿ ಆಗ್ತೈತಿ. ತಿಳೀತಿಲ್ಲೋ?"

"ತಿಳೀತ್ರಿ."

"ಮತ್ತ?"

"ಎಲ್ಲಾರ ಮುಂದ ಎದ್ದು ನಿಂತು ಹೇಳಬೇಕೇನ್ರಿ?"

"ನೇಮ ಹಂಗ ಐತಿ."

"ಆ ನೇಮ ನೀವ ಮಾಡಿದ್ರಿ ಅಂತ ಹುಡುಗರು ಹೇಳ್ತಾರ್ರಿ."

"ಹೌದು, ನಾನ ಮಾಡಿದ್ದು." ಅರ್ಜುನಪ್ಪ ಮುಂದಕ್ಕೆ ಬಾಗಿದ. ಇನ್ನು ಹೇಳಲು ಉಳಿದದ್ದು ಒಂದೇ ಇತ್ತು. ಅದನ್ನು ಹೇಳಬಾರದೆಂದು ಗೊತ್ತಿದ್ದೂ ಹೇಳಿದ. "ಸರ ಅಂತ ಬ್ಯಾಡ. ಕಾಕಾ ಕೇಳಾಕತ್ತಾನ ಅಂತ ತಿಳ್ಕೊ."

ದುರಗಪ್ಪ ಎದ್ದು ನಿಂತ. ಕೂತಿದ್ದ ಖುರ್ಚಿಯನ್ನು ಸಪ್ಪಳವಾಗದಂತೆ ಎತ್ತಿ ಮೊದಲಿದ್ದಲ್ಲಿಯೇ ಇಟ್ಟ.

"ಇಲ್ರಿ ಸರ," ಅಂದ. "ನಾ ಕೇಳೂದಿಲ್ಲ."